ಈ ಮೇಜು ಬಿಟ್ಟು ಏಳಲಾರೆ

ಜನವರಿ ೧೩, ಭಾನುವಾರ, ಮಧ್ಯಾಹ್ನ

ಇವತ್ತೂ ಉಪ್ಪು ಹಾಕಿದ ಹೆರಿಂಗ್ ಮೀನು. ನನಗೆ ಮಾತ್ರ. ನನ್ನ ಗಂಡನ ತಟ್ಟೆಯಲ್ಲಿ ಜಿಂಕೆ ಮಾಂಸ, ಅವನ ಎಡಕ್ಕೆ ಕೂತ ಅವನ ಹೊಸ ಮೋಹ ಇಡಾಳ ತಟ್ಟೆಯಲ್ಲೂ ಜಿಂಕೆ ಮಾಂಸ. ಕಟಕಟೆಯ ಆಚೆ ನಿಂತ ಊರವರಿಗೂ ಅದರ ವಾಸನೆ ಮುಟ್ಟಿರಬೇಕು. ನಾನು ನನ್ನ ಮೀನು ಪೂರ್ತಿ ತಿಂದೆ. ಮುಳ್ಳು ಬಿಡಿಸಿ, ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, ನಿಧಾನವಾಗಿ. ಊಟದ ಮೇಲ್ವಿಚಾರಕ ಹಾಲ್ಗರ್ ಪಕ್ಕದಲ್ಲಿ ನಿಂತು ಬೆವರುತ್ತಿದ್ದ. ಇನ್ನೊಂದು ಬಡಿಸಲೇ ಎಂದು ಕೇಳುವಂತೆ ಯಾರೋ ಹೇಳಿಕೊಟ್ಟಿದ್ದಾರೆ, ಪಾಪ. ಬಡಿಸು ಅಂದೆ.

ಮದುವೆಯಾಗಿ ಬಂದ ಹೊಸದರಲ್ಲಿ ಈ ಭಾನುವಾರದ ಊಟ ಕಂಡರೆ ಭಯ. ಪ್ರಾರ್ಥನೆ ಮುಗಿಸಿ ಬಂದ ಬೆಸ್ತರು, ನೇಕಾರರು, ಕೈಗೂಸು ಹೊತ್ತ ಹೆಂಗಸರು — ಎಲ್ಲರೂ ನೋಡುತ್ತಿರುವಾಗ ದೊರೆ, ರಾಣಿ ಉಣ್ಣಬೇಕು. ನಾಚಿಕೆಯಿಂದ ತುತ್ತೇ ಇಳಿಯುತ್ತಿರಲಿಲ್ಲ. ಈಗ ಆ ಕಣ್ಣುಗಳೇ ನನಗೆ ಕಾವಲು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾಳೆ ಅಪೊಲೋನಿ. ತವರಿನಿಂದ ನನ್ನ ಜೊತೆ ಬಂದ ಮುದುಕಿ, ನನ್ನನ್ನು ಎತ್ತಿ ಆಡಿಸಿದವಳು, ಗಾದೆ ಹೇಳದೆ ಚಳಿಗೂ ಬೆಂಕಿ ಹಾಕುವವಳಲ್ಲ. ಉಣ್ಣಲು ಹೆರಿಂಗ್, ಮಲಗಲು ಬೀಗ. ಇನ್ನು ಜಗಳ ಮುಗಿಯುವುದೆಲ್ಲಿ.

ಮಲಗುವ ಕೋಣೆಗೆ ಬೀಗ ಹಾಕಿಸಿದ್ದು ಅವನು, ಎಲೆ ಉದುರುವ ಕಾಲಕ್ಕೆ. ಅದು ಬಿಷಪ್ಪನಿಗೂ ಗೊತ್ತು. ಹಾಗಾಗಿ ಹಾಸಿಗೆ ಬಿಟ್ಟವಳು ಎಂದು ನನ್ನ ಮೇಲೆ ಹೇಳಲಾರರು. ಉಳಿದದ್ದು ಮೇಜು. ಊಟದ ನಡುವೆ ಗಂಡನ ಮೇಜನ್ನು ತಾನಾಗಿ ಬಿಟ್ಟು ಹೋದವಳನ್ನು ಚರ್ಚಿನ ಪೀಠದಿಂದ ಮೂರು ಭಾನುವಾರ ಹೆಸರು ಹಿಡಿದು ಕರೆಯುತ್ತಾರೆ. ಮೂರನೆಯದಕ್ಕೂ ಬಾರದಿದ್ದರೆ ಮದುವೆ ಮುರಿಯಿತು. ತಪ್ಪು ಬಿಟ್ಟವಳದು, ಅವಳಿಗೆ ಮತ್ತೆ ಮದುವೆ ಇಲ್ಲ. ಮಕ್ಕಳು ಉಳಿದವನ ಪಾಲು. ಅವನ ಅಪ್ಪನೇ ಬರೆಸಿದ ಕಾನೂನು, ಗಂಡಿಗೂ ಹೆಣ್ಣಿಗೂ ಒಂದೇ, ದೊರೆಗೂ ಒಂದೇ, ದನ ಕಾಯುವವನಿಗೂ ಒಂದೇ.

ನಾನು ಯಾವಾಗ ಏಳುತ್ತೇನೋ ಎಂದು ಕಾಯುತ್ತಿದ್ದಾರೆ. ಎದ್ದರೆ ಆರು ವರ್ಷದ ನನ್ನ ಮಾರ್ಗಿಟ್ ಇಡಾಳ ಕೈಗೆ. ಏಳುವುದಿಲ್ಲ. ಕಡಲಲ್ಲಿರುವ ಹೆರಿಂಗ್ ಎಲ್ಲಾ ತಂದು ಸುರಿಯಲಿ.

ಜನವರಿ ೧೫

ಬಿಷಪ್ ಎಸ್ಕಿಲ್ ಬಂದಿದ್ದರು. ಮುಖದಲ್ಲಿ ಬೆಣ್ಣೆ. ನನ್ನ ಆರೋಗ್ಯದ ಬಗ್ಗೆ ದೊರೆಗೆ ಚಿಂತೆಯಂತೆ. ಅಣ್ಣನ ಊರಿಗೆ ಹೋಗಿ ಒಂದಷ್ಟು ದಿನ ಒಳ್ಳೆ ಗಾಳಿ ಕುಡಿದು ಬರಬಾರದೇ, ಮಗು ಇಲ್ಲಿ ಸುಖವಾಗಿರುತ್ತದೆ ಎಂದರು.

"ಗುರುಗಳೇ, ಗಾಳಿ ಇಲ್ಲೇ ಬೇಕಾದಷ್ಟು ಬೀಸ್ತಿದೆ," ಅಂದೆ. "ಯಾವ ಕಡೆಯಿಂದ ಅಂತಾನೂ ಗೊತ್ತಾಗ್ತಿದೆ."

ಬೆಣ್ಣೆ ಸ್ವಲ್ಪ ಕರಗಿತು. ಹೋಗುವಾಗ ನನ್ನ ಹಟಕ್ಕಾಗಿ ಪ್ರಾರ್ಥಿಸುತ್ತೇನೆ ಎಂದು ಹೇಳಿ ಹೋದರು. ಹಟ ಹೆಚ್ಚಲಿ ಎಂದೋ ಇಳಿಯಲಿ ಎಂದೋ ಹೇಳಲಿಲ್ಲ.

ಜನವರಿ ೨೦, ಭಾನುವಾರ

ಇವತ್ತು ತಟ್ಟೆಯೇ ಇಲ್ಲ.

ನನ್ನ ಮುಂದೆ ಬರೀ ಬಿಳಿ ಬಟ್ಟೆ. ಸುತ್ತ ಎಲ್ಲರೂ ಉಣ್ಣುತ್ತಿದ್ದಾರೆ. ಮಡಿಲಲ್ಲಿ ಕೈ ಇಟ್ಟು ಕೂತೆ. ಹೊಟ್ಟೆ ಗುರ್ ಎಂದದ್ದು ಹಾಲ್ಗರನಿಗೆ ಕೇಳಿಸಿತು, ಅವನು ಚಾವಣಿ ನೋಡಿದ. ಕಟಕಟೆಯ ಕಡೆ ಗುಸುಗುಸು. ಆಮೇಲೆ ಅದೂ ನಿಂತಿತು. ಅಷ್ಟು ಜನ ಸೇರಿದ ಜಾಗದಲ್ಲಿ ಒಂದು ಚಮಚದ ಸದ್ದು ಮಾತ್ರ — ಅವನದು.

ಆಗ ಕಟಕಟೆಗೆ ಒರಗಿ ನಿಂತಿದ್ದ ಮೀನು ಮಾರುವ ಕಾರೆನ್ ಬುಟ್ಟಿಗೆ ಕೈ ಹಾಕಿದಳು. ಬಂದರಿನಲ್ಲಿ ಅವಳ ದನಿ ಕೇಳಿ ಹಡಗು ದಡಕ್ಕೆ ಬರುತ್ತದೆ ಎಂದು ನಗೆಯಾಡುತ್ತಾರೆ. ಕಪ್ಪು ರೊಟ್ಟಿಯ ತುಂಡೊಂದನ್ನು ಎತ್ತಿ ಹಿಡಿದಳು.

"ನಮ್ಮಟ್ಟೀಲಿ ಮೊಟ್ಟೆ ಇಡದ ಕೋಳಿಗೂ ಕಾಳ್ ಹಾಕ್ತೀವಿ ದೊರೆ," ಅಂದಳು. "ಇದ ಆ ತಾಯಿಗೆ ಕೊಡಿ."

ಹಾಲ್ಗರ್ ಕದಲಲಿಲ್ಲ. ಯಾರೂ ಕದಲಲಿಲ್ಲ. ನಾನು ಎದ್ದು ಹೋಗಿ ತೆಗೆದುಕೊಳ್ಳುವಂತಿಲ್ಲ — ಎದ್ದರೆ ಎದ್ದದ್ದೇ. ಮಾರ್ಗಿಟ್ ತನ್ನ ಪುಟ್ಟ ಕುರ್ಚಿಯಿಂದ ಇಳಿದಳು. ಲಂಗ ಎತ್ತಿ ಹಿಡಿದು ಕಟಕಟೆಯ ತನಕ ನಡೆದಳು. ರೊಟ್ಟಿ ತಂದು ನನ್ನ ಮುಂದಿನ ಬಟ್ಟೆಯ ಮೇಲೆ ಇಟ್ಟಳು. ಬೆಣ್ಣೆ ಇಲ್ಲಮ್ಮಾ ಅಂದಳು, ತಪ್ಪು ತನ್ನದೇ ಎಂಬಂತೆ.

ತಿಂದೆ. ಬಟ್ಟೆಯ ಮೇಲೆ ಬಿದ್ದ ಚೂರನ್ನೂ ಆಯ್ದು ತಿಂದೆ. ಅವನ ಕಿವಿ ಕೆಂಪಾದದ್ದು ಕಟಕಟೆಯ ತನಕ ಕಂಡಿರಬೇಕು.

ಜನವರಿ ೨೧

ಬಂದ. ನಾಲ್ಕು ತಿಂಗಳ ಮೇಲೆ ನನ್ನ ಕೋಣೆಗೆ. ಬಾಗಿಲು ತಟ್ಟದೆ.

ಊರಿಗೆಲ್ಲ ನನ್ನನ್ನು ನಗೆಪಾಟಲು ಮಾಡ್ತಿದ್ದೀಯ ಎಂದ. ತಟ್ಟೆ ತೆಗೆಸಿದ್ದು ನಾನಲ್ಲ ಎಂದೆ. ಗಂಡುಮಗು ಬೇಕು, ರಾಜ್ಯಕ್ಕೆ ಬೇಕು, ನಿನ್ನಿಂದ ಆಗಲಿಲ್ಲ, ಎಂಟು ವರ್ಷ ಕಾದೆ ಎಂದ. ಅವನೊಬ್ಬನೇ ಕಾದದ್ದೇನು? ಮಣ್ಣಿಗೆ ಕೊಟ್ಟ ಎರಡು ಗಂಡುಕೂಸುಗಳನ್ನು ಹೆತ್ತವಳು ಯಾರು? ಹೇಳಿದೆ. ಅವನ ಮುಖ ಒಂದು ಗಳಿಗೆ ಬೇರೆಯಾಯಿತು. ಹಳೆಯ ಅಂಡ್ರೆಯಾಸ್ ಕಂಡ ಹಾಗಾಯಿತು. ಮದುವೆಯಾದ ಮೊದಲ ಚಳಿಗಾಲ, ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ನನ್ನ ಎರಡೂ ಕೈ ಹಿಡಿದು ಜಾರಲು ಕಲಿಸಿದವನು. ಇಬ್ಬರೂ ಬಿದ್ದು, ಏಳಲಾರದಷ್ಟು ನಕ್ಕಿದ್ದೆವು. ಅದು ನೆನಪಾದದ್ದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತಿದೆ. ನೋವಾಗುತ್ತದೆ, ಇಲ್ಲ ಅನ್ನಲಾರೆ.

"ಮರ್ಯಾದೆಯಿಂದ ಹೋಗು ಸಿಬಿಲ್ಲ," ಅಂದ ಹೊರಡುವಾಗ. "ಇಲ್ಲದಿದ್ರೆ ನಾನು ಕೆಟ್ಟವನಾಗಬೇಕಾಗುತ್ತೆ."

"ಆಗಬೇಕಾಗುತ್ತೆ ಅಂತೀರಲ್ಲ," ಅಂದೆ. "ಇಲ್ಲಿ ತನಕ ಆಗಿದ್ದೇನು?"

ಫೆಬ್ರವರಿ ೩, ಭಾನುವಾರ

ಕುರ್ಚಿ ಇಲ್ಲ. ರಿಪೇರಿಗೆ ಹೋಗಿದೆಯಂತೆ. ನಿಂತೆ. ಸೂಪಿನಿಂದ ಹಣ್ಣಿನ ತನಕ, ಮೇಜಿಗೆ ಬೆರಳು ಊರಿ. ನಿಂತರೂ ಮೇಜು ಬಿಟ್ಟ ಹಾಗಲ್ಲ. ಬಿಷಪ್ಪನ ಗುಮಾಸ್ತ ಕಂಬದ ಹಿಂದಿನಿಂದ ಇಣುಕಿ ಅದನ್ನೇ ನೋಡುತ್ತಿದ್ದ. ಈಗ ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಪೊಲೋನಿ ಒಂದೇ ಸಮ ಶಪಿಸುತ್ತಿದ್ದಾಳೆ. ಅವಳ ಶಾಪ ತಟ್ಟುವುದಾಗಿದ್ದರೆ ಈ ಅರಮನೆಯಲ್ಲಿ ಒಬ್ಬರಿಗೂ ಹಲ್ಲು ಇರುತ್ತಿರಲಿಲ್ಲ.

ಫೆಬ್ರವರಿ ೧೦, ಭಾನುವಾರ

ಇದನ್ನು ಇವತ್ತೇ ಬರೆದಿಡಬೇಕು.

ಮಾರ್ಗಿಟ್ ಬೊಂಬೆಗಳನ್ನು ಕೂರಿಸುವ ಮೂರು ಕಾಲಿನ ಮಣೆ ನಾನೇ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಹಾಕಿಕೊಂಡು ಕೂತೆ. ಮೇಜು ನನ್ನ ಗಲ್ಲಕ್ಕೆ ಬಂತು. ರಾಣಿಯ ತಲೆ ಮಾತ್ರ, ಕಿರೀಟ ಸಮೇತ, ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ಮೇಜಿನ ಮೇಲೆ. ಕಟಕಟೆಯ ಕಡೆ ಯಾರೋ ಮೂಗಿನಲ್ಲಿ ನಕ್ಕರು. ನಾನೇ ಮೊದಲು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಇಡೀ ಸಭಾಂಗಣ. ದೇವರಾಣೆ, ಅವನ ತುಟಿಯೂ ಅದುರಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವನೂ ನಗುತ್ತಿದ್ದ.

ಇಡಾ ಕೆಡಿಸಿದಳು. ಸಣ್ಣ ಮಕ್ಕಳಿಗೆ ಅಡುಗೆಮನೆಯಲ್ಲೇ ಬಡಿಸಬಹುದಿತ್ತಲ್ಲ ಎಂದಳು, ಎಲ್ಲರಿಗೂ ಕೇಳುವ ಹಾಗೆ.

"ಬೇಡಮ್ಮ," ಅಂದೆ. "ಅಡುಗೆಮನೆಯಿಂದ ಮೇಲೆ ಬಂದವರ ಜಾಗ ನಾನ್ಯಾಕೆ ತಗೊಳ್ಳಲಿ?"

ಇಡಾಳ ಅಜ್ಜ ದೊಡ್ಡ ದೊರೆಯ ಬಾಣಸಿಗ. ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ಕಾರೆನ್ ಹೊಟ್ಟೆ ಹಿಡಿದುಕೊಂಡು ಕಟಕಟೆಯ ಮೇಲೆ ಬಿದ್ದಳು. ಅಂಡ್ರೆಯಾಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ದೊರೆ ಎದ್ದರೆ ಎಲ್ಲರೂ ಏಳಬೇಕು, ಎದ್ದರು. ಚಾಕು ಎಸೆದು ದಡದಡ ನಡೆದುಬಿಟ್ಟ. ಹಿಂದೆ ಇಡಾ. ಅಂಗಳದಲ್ಲಿ ಕುದುರೆಗಳ ಸದ್ದು. ಕಾಡಿನ ಬೇಟೆಮನೆಗೆ ಹೊರಟರು ಎಂದು ಹಾಲ್ಗರ್ ಬಂದು ಪಿಸುಗುಟ್ಟಿದ.

ನಾನು ಎದ್ದಿರಲಿಲ್ಲ. ಅವನ ತಟ್ಟೆಯಲ್ಲಿ ಹುರಿದ ಬಾತುಕೋಳಿ ಅರ್ಧ ಉಳಿದಿತ್ತು. ಎಳೆದುಕೊಂಡು ತಿಂದೆ. ಅದು ಹೊಟ್ಟೆಗಿಳಿದ ಮೇಲೆ ಬುದ್ಧಿ ಓಡಿತು — ಮೇಜು ಬಿಟ್ಟು ಎದ್ದವನು ಅವನು. ಇಡೀ ಊರು ನೋಡಿದೆ.

ಫೆಬ್ರವರಿ ೧೨

ಬಿಷಪ್ಪನಿಗೆ ಹೇಳಿ ಕಳಿಸಿದೆ. ಜ್ವರವಂತೆ. ನಾನೇ ಕಷಾಯ ಹಿಡಿದು ಅವರ ಮನೆಗೆ ಹೋದೆ. ಮೂರು ಕಂಬಳಿ ಹೊದ್ದು, ಗಟ್ಟಿಮುಟ್ಟಾಗಿ, ಸಾಸೇಜು ತಿನ್ನುತ್ತಿದ್ದರು.

ದೊರೆಯನ್ನು ಪೀಠದಿಂದ ಕರೆಯುವುದೆಂದರೇನು, ಎಲ್ಲಾದರೂ ಉಂಟೇ, ತಲೆ ಉಳಿಯುತ್ತದೆಯೇ ಎಂದರು. ಮುಂದಿನ ಭಾನುವಾರದೊಳಗೆ ಅವನು ಮೇಜಿಗೆ ಮರಳದಿದ್ದರೆ ಕರೆಯಲೇಬೇಕು, ಕಾನೂನು ಓದಿ ಹೇಳಲೇ ಎಂದೆ.

"ನನ್ನ ಕರೆಯೋಕೆ ನಾಲಿಗೆ ತಯಾರಾಗಿತ್ತಲ್ಲ ಗುರುಗಳೇ. ಹೆಸರು ಬದಲಾಯಿಸಿ, ಅಷ್ಟೇ."

ಕಷಾಯ ಪೂರ್ತಿ ಕುಡಿಸಿಯೇ ಬಂದೆ.

ಫೆಬ್ರವರಿ ೧೭, ಭಾನುವಾರ

ಕರೆದರು. ಸೊಳ್ಳೆಯ ದನಿಯಲ್ಲಿ, ಕೀರ್ತನೆಗೂ ಕಾಣಿಕೆಗೂ ನಡುವೆ ತುರುಕಿ. "ಅಂಡ್ರೆಯಾಸ್ ಎಂಬವರು ತಮ್ಮ ಹೆಂಡತಿಯ ಬಳಿಗೆ, ತಮ್ಮ ಮೇಜಿಗೆ ಮರಳತಕ್ಕದ್ದು."

"ಕೇಳಿಸ್ಲಿಲ್ಲ ಬುದ್ಧೀ," ಎಂದಳು ಕಾರೆನ್ ಹಿಂದಿನ ಬೆಂಚಿನಿಂದ. "ಯಾವ ಅಂಡ್ರೆಯಾಸು? ನಮ್ಮ ಬೀದೀಲೇ ಮೂರು ಜನ ಅವ್ರೆ."

ಎರಡನೇ ಸಲ ಗಟ್ಟಿಯಾಗಿ ಓದಬೇಕಾಯಿತು. ನಾನು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತಿದ್ದೆ. ಎಲ್ಲರೂ ಅಳುತ್ತಿದ್ದೇನೆ ಅಂದುಕೊಂಡರು.

ಅವನು ಬರಲಿಲ್ಲ. ದೊಡ್ಡ ಮೇಜಿನಲ್ಲಿ ಒಬ್ಬಳೇ ಉಂಡೆ. ನನ್ನ ಕುರ್ಚಿ ತಾನಾಗಿ ರಿಪೇರಿಯಾಗಿ ಬಂದಿತ್ತು.

ಫೆಬ್ರವರಿ ೨೪, ಭಾನುವಾರ

ಎರಡನೇ ಕರೆ. ಬರಲಿಲ್ಲ. ಇನ್ನೊಂದು ಬಾಕಿ. ಬೇಟೆಮನೆಯಲ್ಲಿ ಅವನಿಗೆ ಯಾರೂ ಬುದ್ಧಿ ಹೇಳದಿರಲಿ ದೇವರೇ.

ಮಾರ್ಚ್ ೩, ಭಾನುವಾರ

ಹೇಳಿದ್ದಾರೆ.

ಮೂರನೇ ಕರೆ ಮುಗಿದು, ಸೂಪು ಬಡಿಸುತ್ತಿರುವಾಗ ಬಂದ. ಕೆಸರಿನ ಬೂಟು, ಗಡ್ಡ ಬೆಳೆದಿದೆ. ಒಬ್ಬನೇ. ಸೀದಾ ಬಂದು ನನ್ನ ಪಕ್ಕ ಕೂತು ಚಮಚ ಎತ್ತಿದ. ಮುಗಿಯಿತು, ಕರೆ ಅಳಿಸಿಹೋಯಿತು. ಬಿಷಪ್ಪನ ಗುಮಾಸ್ತ ಕಂಬದ ಹಿಂದೆ ನಿಟ್ಟುಸಿರು ಬಿಟ್ಟದ್ದು ನನಗೂ ಕೇಳಿಸಿತು. ತಪ್ಪು ಅವನ ಮೇಲೆ ನಿಂತಿದ್ದರೆ ಅವನು ಇನ್ನೊಂದು ಮದುವೆ ಆಗುವಂತಿರಲಿಲ್ಲ. ಅದು ಅವನಿಗೆ ತಡವಾಗಿ ಹೊಳೆದಿರಬೇಕು, ಇಲ್ಲವೇ ಇಡಾಗೆ.

"ಇನ್ನೇನು ಮಾಡ್ತೀಯ?" ಅಂದ, ತಟ್ಟೆ ನೋಡುತ್ತಲೇ.

"ಉಪ್ಪು ಈ ಕಡೆ ಕೊಡಿ," ಅಂದೆ.

ಮಾರ್ಚ್ ೬

ಮೂರು ದಿನದಿಂದ ಅಳು. ಕಾರಣ ಇವತ್ತು ತಿಳಿಯಿತು. ಗೆದ್ದೆ ಅಂದುಕೊಂಡೆನಲ್ಲ — ಗೆದ್ದದ್ದೇನು? ಅವನ ಪಕ್ಕದ ಕುರ್ಚಿ. ಸಾಯುವ ತನಕ ಪ್ರತಿ ಭಾನುವಾರ. ಅದಕ್ಕಾಗಿಯೇ ಹೆರಿಂಗ್ ತಿಂದೆನೇ?

ಅಪೊಲೋನಿಗೆ ಹೇಳಿದೆ. ಅವಳು ನೂಲು ಸುತ್ತುವುದು ನಿಲ್ಲಿಸಲಿಲ್ಲ.

"ಕುರ್ಚಿ ಯಾರಿಗ್ ಬೇಕು ಮಗಾ," ಅಂದಳು. "ನಿಂಗ್ ಬೇಕಾಗಿರೋದು ಕೂಸು. ಆ ಬಾಣಸಿಗನ ಮೊಮ್ಮಗಳು ಎರಡು ಜೀವದವಳು, ಬಟ್ಟೆ ಒಗೆಯೋಳು ಹೇಳಿದ್ಲು. ಜೂನ್ ಒಳಗೆ ಹೆರ್ತಾಳೆ. ಈಗ ಅವಸರ ಯಾರಿಗೆ, ನಿಂಗಾ ಅವ್ನಿಗಾ?"

ರಾತ್ರಿಯೆಲ್ಲ ಅದೇ ಯೋಚನೆ. ಮದುವೆಗೆ ಮುಂಚೆ ಹುಟ್ಟಿದ ಕೂಸು ಸಿಂಹಾಸನಕ್ಕೆ ಬಾರದು. ಅಷ್ಟರೊಳಗೆ ಅವಳನ್ನು ಮದುವೆಯಾಗಬೇಕೆಂದರೆ ಅವನು ಏಳುವಂತಿಲ್ಲ, ನಾನು ಏಳಬೇಕು. ಇಷ್ಟು ದಿನ ಏಳದೆ ಕೂತದ್ದರ ಬೆಲೆ ಈಗ ಗೊತ್ತಾಯಿತು.

ಮಾರ್ಚ್ ೧೭, ಭಾನುವಾರ

ಇಬ್ಬರೂ ಜನರ ಕಡೆ ನಗುತ್ತಲೇ, ತುಟಿ ಅಲುಗಿಸದೆ ಮಾತಾಡಿದೆವು. ಇಷ್ಟು ವರ್ಷದಲ್ಲಿ ಕಲಿತ ವಿದ್ಯೆ ಅದೊಂದೇ.

"ನಾನು ಏಳ್ತೀನಿ. ಮಾರ್ಗಿಟ್ ನನ್ನ ಜೊತೆ ಬರ್ತಾಳೆ. ಮೊದಲು ಅದನ್ನ ಪೀಠದಿಂದ ಓದಿಸಬೇಕು, ಊರಿಗೆಲ್ಲ ಕೇಳೋ ಹಾಗೆ."

"ದೊರೆ ಮಗಳು ದೇಶ ಬಿಟ್ಟು ಹೋಗೋದಿಲ್ಲ."

ಅವಳನ್ನು ದಕ್ಷಿಣದ ಯಾವನೋ ಮುದಿ ಡ್ಯೂಕನಿಗೆ ಕೊಡುವ ಮಾತು ನಡೆದಿದೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ.

"ಹಾಗಿದ್ರೆ ಬಟಾಣಿ ಚೆನ್ನಾಗಿದೆ," ಅಂದೆ. ಹಾಲ್ಗರನನ್ನು ಕರೆದು ಇನ್ನೊಮ್ಮೆ ಬಡಿಸಿಕೊಂಡೆ. ಈಗ ಅವನು ಕೇಳದೆಯೇ ಬಡಿಸುತ್ತಾನೆ.

ಮಾರ್ಚ್ ೩೧, ಈಸ್ಟರ್

ಕುರಿಮರಿ ಮಾಂಸ, ಮೊಟ್ಟೆ, ಕೇಸರಿ ಹಾಕಿದ ರೊಟ್ಟಿ. ಎಲ್ಲ ತಿಂದೆ. ಅವನು ಏನೂ ಮುಟ್ಟಲಿಲ್ಲ. ಇಡಾ ಮೇಜಿಗೆ ಬರುವುದನ್ನು ಬಿಟ್ಟಿದ್ದಾಳೆ, ಹೊಟ್ಟೆ ಇನ್ನು ಮುಚ್ಚುವ ಹಾಗಿಲ್ಲ. ಮಾರ್ಗಿಟ್ ಬಣ್ಣದ ಮೊಟ್ಟೆಯೊಂದನ್ನು ಅಪ್ಪನಿಗೆ ಕೊಟ್ಟಳು. ಬಹಳ ಹೊತ್ತು ಅದನ್ನು ಕೈಯಲ್ಲೇ ಇಟ್ಟುಕೊಂಡಿದ್ದ. ನಾನು ಬೇರೆ ಕಡೆ ನೋಡಿದೆ. ಮೆತ್ತಗಾಗುವ ಹೊತ್ತಲ್ಲ ಇದು.

ಏಪ್ರಿಲ್ ೯

ಇಡಾ ಬಂದಳು. ಒಬ್ಬಳೇ, ಹಿಂಬದಿಯ ಮೆಟ್ಟಿಲಿಂದ. ಪಾದ ಊದಿದೆ. ಇಪ್ಪತ್ತು ದಾಟಿಲ್ಲ ಎಂದು ಇವತ್ತೇ ಗಮನಿಸಿದೆ. ಕೂತ್ಕೋ ಅನ್ನಬಾರದು ಅಂದುಕೊಂಡಿದ್ದೆ. ಅಂದೆ.

ಮಾರ್ಗಿಟ್‌ಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಬೈಬಲ್ ಮುಟ್ಟಿ ಹೇಳುತ್ತೇನೆ ಎಂದಳು. ನೀನು ನೋಡಿಕೊಳ್ಳುವುದೇ ಬೇಡ ಎಂದೆ. ಅತ್ತಳು. ಅಂಡ್ರೆಯಾಸ್ ಒಪ್ಪುವುದಿಲ್ಲ, ಹಟ ಹಿಡಿದರೆ ಹಿಡಿದದ್ದೇ ಎಂದಳು. ಅವನ ಹಟ ನನಗೆ ಹೇಳಿಕೊಡಲು ಬಂದಿದ್ದಾಳೆ.

"ಇಡಾ, ಹೊಟ್ಟೇಲಿರೋದು ಹೆಣ್ಣಾದ್ರೆ?" ಅಂದೆ.

ಅವಳು ಅಳು ನಿಲ್ಲಿಸಿದಳು.

"ಹೆಣ್ಣಾದ್ರೆ ಅದನ್ನೂ ಒಂದು ದಿನ ಯಾರ ಕೈಗೋ ಕೊಡು ಅಂತಾರೆ. ಆವತ್ತು ಏನು ಮಾಡ್ತೀಯೋ ಇವತ್ತೇ ಕಲ್ತ್ಕೋ. ಹೋಗಿ ಅವನಿಗೆ ಹೇಳು."

ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ಎದ್ದಳು. ಮೆಟ್ಟಿಲಿಳಿಯಲು ಅಪೊಲೋನಿ ದೀಪ ಹಿಡಿದಳು, ಗೊಣಗುತ್ತಲೇ. ಇಡಾಳ ಮೇಲೆ ಕರುಣೆ ಬಂತೆಂದು ಬರೆಯಲಾರೆ. ದ್ವೇಷ ಮೊದಲಿನಷ್ಟು ಇಲ್ಲ, ಅಷ್ಟು ಬರೆಯಬಲ್ಲೆ.

ಏಪ್ರಿಲ್ ೧೬

ಒಪ್ಪಿದ್ದಾನೆ. ಬಿಷಪ್ ಬಂದು ಹೇಳಿದರು. ಬೇಟೆಮನೆಯಲ್ಲಿ ಇಡಾ ಎರಡು ದಿನ ಅನ್ನ ನೀರು ಮುಟ್ಟದೆ ಬಾಗಿಲು ಹಾಕಿಕೊಂಡಿದ್ದಳಂತೆ. ಮಗಳು ನನ್ನವಳು, ಅವಳ ಮದುವೆ ಮಾತು ನನ್ನದು. ಬದಲಿಗೆ ಬಿಟ್ಟುಹೋದವಳೆಂಬ ಹೆಸರು ನನಗೆ, ಮತ್ತೆ ಮದುವೆಯಾಗುವಂತಿಲ್ಲ. ಅದನ್ನು ಹೇಳುವಾಗ ಬಿಷಪ್ ದನಿ ತಗ್ಗಿಸಿದರು, ಸಾವಿನ ಸುದ್ದಿ ತಂದವರ ಹಾಗೆ. ಎಂಥ ಶಿಕ್ಷೆ. ಸಹಿಸಿಕೊಳ್ಳುತ್ತೇನೆ ಎಂದೆ.

ಏಪ್ರಿಲ್ ೨೧, ಭಾನುವಾರ

ಬೆಳಿಗ್ಗೆ ಪೀಠದಿಂದ ಓದಿದರು. ಈ ಸಲ ಗಟ್ಟಿಯಾಗಿ. ರಾಜಕುಮಾರಿ ಮಾರ್ಗಿಟ್ ತಾಯಿಯೊಡನೆ ಇರತಕ್ಕದ್ದು, ದೊರೆಯ ಮಾತಿನ ಮೇಲೆ.

ಆಮೇಲೆ ಊಟ. ಅವಸರ ಮಾಡಲಿಲ್ಲ. ಸೂಪು, ಮೀನು, ಕರುವಿನ ಮಾಂಸ, ಒಂದೊಂದಾಗಿ. ಕಟಕಟೆಯ ಆಚೆ ಕಾಲಿಡಲು ಜಾಗವಿಲ್ಲ, ಒಬ್ಬರೂ ಕೆಮ್ಮುತ್ತಿಲ್ಲ. ಬಾಯಿ ಒರೆಸಿದೆ. ಬಟ್ಟೆ ಮಡಚಿ ಇಟ್ಟೆ. ಏಳಲು ಮೇಜಿಗೆ ಕೈ ಊರಿದಾಗ ಅವನು ನನ್ನ ಕಡೆ ನೋಡದೆ ಹೇಳಿದ —

"ಸ್ವಲ್ಪ ಕೂತ್ಕೋ ಸಿಬಿಲ್ಲ. ಹಣ್ಣು ಇನ್ನೂ ಬಂದಿಲ್ಲ."

ಇಷ್ಟು ತಿಂಗಳು ಯಾವ ಮಾತಿಗೂ ಒಡೆಯದವಳು ಅದಕ್ಕೆ ಒಡೆಯುತ್ತಿದ್ದೆ. ಮಾರ್ಗಿಟ್ ಆಗಲೇ ಕೋಟು ಹಾಕಿ ನಿಂತಿದ್ದಳು, ಗುಂಡಿ ಮೇಲುಕೆಳಗಾಗಿ.

"ನೀವು ತಿನ್ನಿ," ಅಂದೆ. ಎದ್ದೆ.

ರಾಣಿ ಎದ್ದರೆ ಯಾರೂ ಏಳಬೇಕಾಗಿಲ್ಲ. ಹಾಲ್ಗರ್ ಮಾತ್ರ ತಲೆ ಬಾಗಿಸಿದ, ಬಹಳ ಹೊತ್ತು. ಕಟಕಟೆಯ ಬಳಿ ಜನ ದಾರಿ ಬಿಟ್ಟರು. ಹೊರಟ್ರಾ ತಾಯೀ ಎಂದಳು ಕಾರೆನ್, ಅವಳಿಂದ ನಾನೆಂದೂ ಕೇಳದ ಸಣ್ಣ ದನಿಯಲ್ಲಿ. ಹೊರಟೆ ಎಂದೆ. ಓಡಿಸಿದ್ದಲ್ಲ, ಹೊರಟದ್ದು. ಅದನ್ನು ಬಂದರಿನಲ್ಲೆಲ್ಲ ಹೇಳು ಎಂದೆ.

ಏಪ್ರಿಲ್ ೨೮, ಭಾನುವಾರ, ತವರ ಗಡಿಯ ಹತ್ತಿರದ ಛತ್ರ

ಕೊಲ್ಲಿ ದಾಟಿ ಬಂದು ನಾಲ್ಕು ದಿನ. ಅಪೊಲೋನಿ ದೋಣಿಯಲ್ಲಿ ವಾಂತಿ ಮಾಡಿ ಮಾಡಿ ಗಾದೆಗಳನ್ನೆಲ್ಲ ಮರೆತಿದ್ದಾಳೆ. ಅಣ್ಣನ ಬಂಡಿ ನಾಳೆ ಬರುತ್ತದೆ. ಅಣ್ಣ ಏನನ್ನುತ್ತಾನೋ. ಅನ್ನಲಿ, ಉತ್ತರ ಕೊಡುವುದು ಅಭ್ಯಾಸವಾಗಿದೆ.

ಬೆಳಗಿನ ಗಂಟೆ ಹೊಡೆಯಿತು. ಈಗ ಬಿಷಪ್ ಪೀಠ ಹತ್ತಿರುತ್ತಾರೆ. ಇವತ್ತು ಮೊದಲನೇ ಕರೆ. ಸಿಬಿಲ್ಲ ಎಂಬವಳು ಗಂಡನ ಮೇಜಿಗೆ ಮರಳತಕ್ಕದ್ದು. ಮುಂದಿನ ವಾರ ಎರಡನೆಯದು, ಅದರ ಮುಂದಿನ ವಾರ ಕೊನೆಯದು. ಕರೆಯಲಿ. ಗಂಟಲು ಹರಿಯುವ ತನಕ ಕರೆಯಲಿ. ಓಗೊಡುವವಳು ಅಲ್ಲಿಲ್ಲ.

ಕೆಳಗೆ ಛತ್ರದವಳು ಹಾಲಿನ ಗಂಜಿ ಮಾಡಿದ್ದಾಳೆ. ಮಾರ್ಗಿಟ್ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಾಳೆ, ಅಮ್ಮಾ, ತಣ್ಣಗಾಗುತ್ತೆ, ಬಾ ಎಂದು. ಎರಡು ಸಲ ಕೂಗಿದಳು. ಇದು ಮೂರನೆಯದು. ಬಂದೆ ಕಂದಾ, ಬಂ—